ಹಳೆಯ ಯುರೋಪಿಯನ್ ಕಾರಿಗೆ ಹೊಸ ಸ್ಟ್ರಟ್: ಮೊದಲು ಅಳತೆ, ಆಮೇಲೆ ಬ್ರ್ಯಾಂಡ್

ಹಳೆ ಸ್ಕೋಡಾ, ಫೋಕ್ಸ್‌ವ್ಯಾಗನ್, ಫಿಯಟ್ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ‘ಯಾವ ಕಂಪನಿಯ ಸ್ಟ್ರಟ್ ಹಾಕಿಸಲಿ?’ ಸ್ಟ್ರಟ್ ಎಂದರೆ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸಿ, ಕುಲುಕಾಟವನ್ನೂ ತಡೆಯುವ ಶಾಕ್ ಕಂಬ. ನಾನೂ ಅಲ್ಲಿಂದಲೇ ಶುರುಮಾಡಿ ಕೆಟ್ಟವನು. ನನ್ನದು 2009ರ ಸ್ಕೋಡಾ ಲಾರಾ, 1.9 ಲೀಟರ್ ಡೀಸೆಲ್. ಮಾಡೆಲ್ ಹೆಸರು, ಇಸವಿ ಎರಡನ್ನೇ ಹೇಳಿ ಒಳ್ಳೆ ಹೆಸರಿನ ಒಂದು ಜೊತೆ ತರಿಸಿದೆ. ಗ್ಯಾರೇಜಿನಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಇಳಿಸಿದರೆ ಅದು ಕೊಳಗದೊಳಗೆ ಸೌಟು ಬಿಟ್ಟ ಹಾಗೆ ಗಡಗಡ ಅಲ್ಲಾಡಿತು. ಅದು ಕೂರಬೇಕಾದ ಜಾಗದ ವ್ಯಾಸ 55 ಮಿ.ಮೀ., ನಾನು ತರಿಸಿದ್ದು 50. ಕಾರು ನಾಲ್ಕು ದಿನ ಲಿಫ್ಟ್ ಮೇಲೆಯೇ ನೇತಾಡಿತು. ಮೆಕ್ಯಾನಿಕ್ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ದಿನವೂ ಫೋನ್ ಮಾಡಿ ‘ಸಾರ್, ಜಾಗ ಬೇಕಿತ್ತು’ ಎನ್ನುತ್ತಿದ್ದರು.

ಬ್ರ್ಯಾಂಡ್ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಕೊನೆಯ ಪ್ರಶ್ನೆ. ಅದಕ್ಕೆ ಮುಂಚೆ ಕೇಳಬೇಕಾದವು ನಾಲ್ಕೈದಿವೆ. ಲಾರಾವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಇದು ಯುರೋಪಿನ ಎರಡನೇ ತಲೆಮಾರಿನ ಆಕ್ಟೇವಿಯಾ. ಔರಂಗಾಬಾದಿನಲ್ಲಿ ಜೋಡಣೆಯಾಗಿ 2005ರಿಂದ ಇಲ್ಲಿ ಮಾರಾಟವಾಯಿತು. ಫೋಕ್ಸ್‌ವ್ಯಾಗನ್ನಿನ ಐದನೇ ತಲೆಮಾರಿನ ಗಾಲ್ಫ್, ಜೆಟ್ಟಾ ಎಲ್ಲ ಇದೇ ಪಿಕ್ಯೂ35 ಎಂಬ ಅಡಿಪಾಯದವು, ಅಂದರೆ ತಳದ ರಚನೆ ಒಂದೇ. ಬೇರೆ ಕಾರಿನವರು ಸಂಖ್ಯೆಗಳನ್ನು ಬಿಟ್ಟು ಕ್ರಮವನ್ನಷ್ಟೇ ತೆಗೆದುಕೊಳ್ಳಿ.

ಹೆಜ್ಜೆ 1: ತಪ್ಪು ಸ್ಟ್ರಟ್ಟಿನದೇ ಎಂದು ಖಚಿತಮಾಡಿಕೊಳ್ಳಿ

ಹಂಪ್ ದಾಟುವಾಗ ‘ಟಕ್’ ಅಂದರೆ ಸಾಕು, ‘ಶಾಕಪ್ ಹೋಗಿದೆ ಸಾರ್’ ಎಂಬ ತೀರ್ಪು ಬಂದುಬಿಡುತ್ತದೆ. ಮುಂದಿನ ಚಕ್ರದ ಕಡೆಯಿಂದ ಬರುವ ಟಕಟಕ ಸದ್ದಿಗೆ ನನ್ನ ಮೊದಲ ಅನುಮಾನ ಲಿಂಕ್ ರಾಡ್ (ಕಾರಿನ ಓಲಾಟ ತಡೆಯುವ ಸರಳಿಗೆ ಜೋಡಿಸುವ ಕಡ್ಡಿ) ಮೇಲೆ, ಆಮೇಲೆ ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದ ತೋಳಿನ ರಬ್ಬರ್), ಆಮೇಲೆ ಸ್ಟ್ರಟ್ಟಿನ ತಲೆಯನ್ನು ಕಾರಿಗೆ ಜೋಡಿಸುವ ಮೌಂಟ್. ಇವುಗಳ ಬೆಲೆ ಸ್ಟ್ರಟ್ಟಿಗಿಂತ ಬಹಳ ಕಡಿಮೆ. ಕಾರು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಣ್’ ಎಂದು ಜಿಗಿದರೆ ಅದು ಮೌಂಟಿನ ಬೇರಿಂಗ್. ಸ್ಟ್ರಟ್ ಪಾಪ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸ್ಟ್ರಟ್ ಸೋತಿದ್ದರೆ ಗುರುತುಗಳು ಬೇರೆ. ಹೆದ್ದಾರಿಯಲ್ಲಿ ಸೇತುವೆಯ ಜೋಡಣೆ ದಾಟಿದ ಮೇಲೆ ಮೂತಿ ಒಂದು ಸಲ ಎದ್ದು ಸುಮ್ಮನಾಗುವ ಬದಲು ಎರಡು ಮೂರು ಸಲ ತೂಗುತ್ತದೆ. ಬ್ರೇಕ್ ಒತ್ತಿದರೆ ಮುಂಭಾಗ ಹೆಚ್ಚು ಮುಗ್ಗರಿಸುತ್ತದೆ. ಟೈರ್ ಮೇಲೆ ಅಂಗೈ ಆಡಿಸಿದರೆ ಸುತ್ತಲೂ ತಗ್ಗು ದಿಣ್ಣೆ ಸಿಗುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆಯ ಪಸೆಯಿದ್ದು ಧೂಳು ಅಂಟಿದ್ದರೆ ಗಾಬರಿ ಬೇಡ, ಕೊಳವೆಯೊಳಗಿನ ರಾಡ್ ಮೇಲಕ್ಕೂ ಕೆಳಕ್ಕೂ ಆಡುವಾಗ ಎಣ್ಣೆ ತಡೆಯುವ ಸೀಲ್ ಅಷ್ಟನ್ನು ಬಿಡುತ್ತದೆ. ಎಣ್ಣೆ ಕೆಳಗಿನ ತನಕ ಹರಿದು ಒದ್ದೆಯಾಗಿದ್ದರೆ ಮಾತ್ರ ಅದರ ಕತೆ ಮುಗಿಯಿತು. ಬಾನೆಟ್ ಮೂಲೆ ಅದುಮಿ ಬಿಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗುತ್ತದೆ. ಯುರೋಪಿನ ಕಾರುಗಳಲ್ಲಿ ಬುಷ್‌ಗಳು ಬಿಗಿಯಾಗಿರುವುದರಿಂದ ಕೈಯ ಬಲಕ್ಕೆ ಕಾರು ಸರಿಯಾಗಿ ಕುಣಿಯುವುದೂ ಇಲ್ಲ.

ಹೆಜ್ಜೆ 2: ನಿಮ್ಮದು ಯಾವ ಬಗೆಯ ಸಸ್ಪೆನ್ಷನ್

ಮುಂದೆ ಇರುವುದೆಲ್ಲ ‘ಶಾಕ್’ ಎಂದು ನಾವು ಕರೆದರೂ, ಸ್ಟ್ರಟ್ ಬರಿಯ ಶಾಕ್ ಅಬ್ಸಾರ್ಬರ್ ಅಲ್ಲ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಈ ಜೋಡಣೆಯಲ್ಲಿ ಕುಣಿತ ತಡೆಯುವ ಕೊಳವೆಯೇ ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಹೌದು. ತಿರುವಿನಲ್ಲಿ, ಬ್ರೇಕಿನಲ್ಲಿ ಬರುವ ಅಡ್ಡಬಲವನ್ನೂ ಅದೇ ಹೊರುತ್ತದೆ. ಆದ್ದರಿಂದಲೇ ಅಳತೆ ಒಂದಿಷ್ಟು ಆಚೀಚೆಯಾದರೂ ನಡೆಯುವುದಿಲ್ಲ.

ಲಾರಾದ ಮುಂಭಾಗ ಇಂಥದ್ದು. ಹಿಂಭಾಗ ಹಾಗಲ್ಲ, ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಶಾಕ್ ಬದಲಿಸುವುದು ಸುಲಭದ ಕೆಲಸ, ಈ ಬರಹದ ಗೋಳೆಲ್ಲ ಮುಂಭಾಗದ್ದು.

ನಡುವೆ ಒಂದು ಎಚ್ಚರಿಕೆ. 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾದ ಮರ್ಸಿಡಿಸ್ ಡಬ್ಲ್ಯು124 ಯಾರ ಬಳಿಯಾದರೂ ಇದ್ದರೆ ಕೇಳಿ: ಅದರ ಮುಂದೆಯೂ ಸ್ಟ್ರಟ್ ಕಾಣುತ್ತದೆ, ಆದರೆ ಸ್ಪ್ರಿಂಗ್ ಅದರ ಸುತ್ತ ಇಲ್ಲ, ಕೆಳಗಿನ ಆರ್ಮ್ ಮೇಲೆ ಪ್ರತ್ಯೇಕವಾಗಿ ಕೂತಿದೆ. ಆರ್ಮಿಗೆ ಕೆಳಗಿನಿಂದ ಜಾಕಿಯ ಆಧಾರ ಕೊಡದೆ ಸ್ಟ್ರಟ್ ಬಿಚ್ಚಿದರೆ ಆ ಸ್ಪ್ರಿಂಗ್ ಹಾರಿ ಬರುತ್ತದೆ. ಜೀವಕ್ಕೆ ಅಪಾಯ.

ಹೆಜ್ಜೆ 3: ಕಾರ್ಖಾನೆ ಏನು ಹಾಕಿತ್ತು ಎಂದು ಪತ್ತೆಮಾಡಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಕಾರುಗಳಲ್ಲಿ ಬೇರೆ ಬೇರೆ ಸ್ಟ್ರಟ್ ಇರಬಹುದು. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಭಾರ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮತ್ತಷ್ಟು ಭಾರ. ಸನ್‌ರೂಫ್, ದೊಡ್ಡ ಚಕ್ರ, ಸ್ಪೋರ್ಟ್ ಪ್ಯಾಕೇಜ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಕೋಡಾವೂ ಸೇರಿದ ಫೋಕ್ಸ್‌ವ್ಯಾಗನ್ ಗುಂಪು ಇವನ್ನೆಲ್ಲ ಮೂರು ಅಕ್ಷರದ ಪಿಆರ್ ಕೋಡ್‌ಗಳಲ್ಲಿ ಬರೆದಿಟ್ಟಿರುತ್ತದೆ.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ. ಅಲ್ಲಿ ಬಿಳಿ ಕಾಗದದ ಒಂದು ಸ್ಟಿಕ್ಕರ್ ಇರುತ್ತದೆ, ಅದರದೇ ಪ್ರತಿ ಸರ್ವಿಸ್ ಪುಸ್ತಕದ ಮೊದಲ ಪುಟಗಳಲ್ಲಿ. ಮೇಲೆ 17 ಅಕ್ಷರಗಳ ಚಾಸಿ ನಂಬರ್, ಕೆಳಗೆ ಕೋಡುಗಳ ಸಾಲು. ಅದರಲ್ಲಿ ಮೂರನ್ನು ಹುಡುಕಿ. ‘1ಬಿ’ ಎಂದು ಶುರುವಾಗುವುದು ಸಸ್ಪೆನ್ಷನ್ನಿನ ಜಾತಿ, ಉದಾಹರಣೆಗೆ ‘1ಬಿಎ’ ಎಂದರೆ ಸಾಮಾನ್ಯ ಬಗೆ. ‘0ಜೆ’ ಎಂದು ಶುರುವಾಗುವುದು ಮುಂದಿನ ಆಕ್ಸಲ್ಲಿನ ತೂಕದ ವರ್ಗ, ‘0ವೈ’ ಹಿಂದಿನದರದ್ದು. ಮೊದಲ ಅಂಕಿ ಸೊನ್ನೆ, ‘ಓ’ ಅಕ್ಷರ ಅಲ್ಲ. ಈ ಸಣ್ಣ ತಪ್ಪಿಗೇ ಎಷ್ಟೋ ಹುಡುಕಾಟಗಳು ಖಾಲಿ ಕೈಯಲ್ಲಿ ವಾಪಸ್ ಬರುತ್ತವೆ. ಸ್ಟಿಕ್ಕರಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡರೆ ಮುಂದೆ ಯಾವ ಬಿಡಿಭಾಗಕ್ಕಾದರೂ ಬಳಕೆಗೆ ಬರುತ್ತದೆ.

ಜರ್ಮನ್ನರಿಗೆ ‘ಶ್ಲೆಖ್ಟ್‌ವೇಗೆ’ ಎಂದೊಂದು ಸಸ್ಪೆನ್ಷನ್ ವರ್ಗವಿದೆ. ಅಕ್ಷರಶಃ ‘ಕೆಟ್ಟ ರಸ್ತೆ’. ಕಾರನ್ನು ಒಂದಿಷ್ಟು ಎತ್ತರಿಸಿ, ಗಟ್ಟಿ ಸ್ಪ್ರಿಂಗ್ ಕೊಟ್ಟು ಕೆಟ್ಟ ರಸ್ತೆಯ ದೇಶಗಳಿಗೆ ಕಳಿಸುವ ಕಟ್ಟಳೆ. ನಮ್ಮ ರಸ್ತೆಗಳಿಗೆ ಕಾರ್ಖಾನೆಯಲ್ಲೇ ಅಧಿಕೃತ ಹೆಸರಿದೆ ಎಂದು ತಿಳಿದ ದಿನ ನಗುವುದೋ ಅಳುವುದೋ ತಿಳಿಯಲಿಲ್ಲ. ನಿಮ್ಮ ಕಾರು ಆ ವರ್ಗದ್ದಾಗಿದ್ದು, ನೀವು ಬ್ರಿಟನ್ನಿನಲ್ಲೋ ಜರ್ಮನಿಯಲ್ಲೋ ಮಾರುವ ಸಾಮಾನ್ಯ ಬಗೆಯದನ್ನು, ಅದರಲ್ಲೂ ಸ್ಪ್ರಿಂಗ್ ಸಮೇತ ತಂದರೆ ಕಾರು ತಗ್ಗುತ್ತದೆ. ಮೊದಲ ಹಂಪಿಗೇ ಅಡಿಭಾಗ ಉಜ್ಜುತ್ತದೆ.

ಇನ್ನು ವ್ಯಾಸ. ಪಿಕ್ಯೂ35 ಕಾರುಗಳಲ್ಲಿ ಸ್ಟ್ರಟ್ಟಿನ ಕೆಳತುದಿ ಚಕ್ರ ಹಿಡಿದಿರುವ ‘ನಕಲ್’ (knuckle) ಎಂಬ ಲೋಹದ ಗಂಟಿನ ಒಳಗೆ ಇಳಿದು, ಒಂದು ಬೋಲ್ಟ್ ಅದನ್ನು ಬಿಗಿಹಿಡಿಯುತ್ತದೆ. ಈ ಕೊಳವೆ 50 ಮಿ.ಮೀ. ಇರಬಹುದು ಅಥವಾ 55. ಅಂತರ್ಜಾಲದ ಪಟ್ಟಿಗಳು ಎರಡನ್ನೂ ‘ನಿಮ್ಮ ಕಾರಿಗೆ ಹೊಂದುತ್ತದೆ’ ಎಂದು ಹಸಿರು ಗುರುತು ಹಾಕಿ ತೋರಿಸುತ್ತವೆ. ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಇದ್ದರೆ ನಕಲ್ಲಿಗೆ ತೀರಾ ಹತ್ತಿರ ಹಿಡಿದು ಅಳೆಯಿರಿ. ಇಲ್ಲದಿದ್ದರೆ ಮನೆಯಲ್ಲಿರುವ ಟೈಲರ್ ಟೇಪ್ ಸಾಕು. ಸುತ್ತಳತೆ ಸುಮಾರು 157 ಮಿ.ಮೀ. ಬಂದರೆ 50ರದ್ದು, ಸುಮಾರು 173 ಬಂದರೆ 55ರದ್ದು. ಕೊಳವೆಯ ಮೇಲಿನ ಮಣ್ಣನ್ನು ಮೊದಲು ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ವರ್ಷಗಳ ಕೆಸರಿನ ಪದರವೇ ಲೆಕ್ಕ ತಪ್ಪಿಸುತ್ತದೆ. ಎರಡೇ ನಿಮಿಷದ ಈ ಕೆಲಸ ಮಾಡದೆ ನಾನು ನಾಲ್ಕು ದಿನ ಆಟೊದಲ್ಲಿ ಓಡಾಡಿದೆ.

ಕೊನೆಗೆ ಪಾರ್ಟ್ ನಂಬರ್. ಹಳೆ ಸ್ಟ್ರಟ್ಟಿನ ಮೈಮೇಲೆ ಸ್ಟಿಕ್ಕರೋ ಅಚ್ಚೋ ಇರುತ್ತದೆ. ‘1ಕೆ0 413 031’ ಎಂಬ ರೀತಿಯ ಈ ನಂಬರನ್ನು ಓದಲು ಕಲಿತರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಯಾಮಾರಿಸಲಾರರು. ಮೊದಲ ಮೂರು ಅಕ್ಷರ ಆ ಭಾಗ ಮೊದಲು ಯಾವ ಕಾರಿಗೆ ಹುಟ್ಟಿತು ಎಂಬುದು: 1ಕೆ0 ಎಂದರೆ ಐದನೇ ಗಾಲ್ಫ್, 1ಝೆಡ್0 ಎಂದರೆ ಎರಡನೇ ಆಕ್ಟೇವಿಯಾ. ನಡುವಿನ 413 ಎಂದರೆ ಮುಂದಿನ ಶಾಕ್, 513 ಹಿಂದಿನದು, 411 ಮುಂದಿನ ಸ್ಪ್ರಿಂಗ್, 412 ಅದರ ಮೌಂಟ್. ಕಡೆಯಲ್ಲಿ ಬರುವ ಒಂದೆರಡು ಅಕ್ಷರಗಳೇ ನಿಜವಾದ ಗುರುತು, ವ್ಯಾಸವೂ ತೂಕದ ವರ್ಗವೂ ಅದರಲ್ಲೇ ಅಡಗಿದೆ. ‘ಕಡೇ ಅಕ್ಷರ ಬೇರೆ ಆದ್ರೂ ಕೂರುತ್ತೆ ಸಾರ್’ ಎಂದು ಕೌಂಟರಿನವರು ಹೇಳಿದರೆ, ಹಳೆಯದರ ಬದಲಿಗೆ ಬಂದ ಹೊಸ ನಂಬರ್ ಅದೇ ಎಂದು ಕ್ಯಾಟಲಾಗಿನಲ್ಲಿ ತೋರಿಸಲು ಕೇಳಿ.

ಸೆಕೆಂಡ್ ಹ್ಯಾಂಡ್ ಕಾರಾದರೆ ಸ್ಟಿಕ್ಕರ್ ಒಂದು ಹೇಳಿ, ಕಾರಿನಡಿಯಲ್ಲಿ ಇನ್ನೊಂದು ಇರಬಹುದು, ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ. ಹಾಗಾಗಿ ಸ್ಟಿಕ್ಕರ್, ಟೇಪ್, ಮೈಮೇಲಿನ ನಂಬರ್ ಮೂರೂ ಒಂದೇ ಮಾತು ಹೇಳುವ ತನಕ ದುಡ್ಡು ಕೊಡಬೇಡಿ.

ಹೆಜ್ಜೆ 4: ಸ್ಪ್ರಿಂಗ್ ಇರಲೋ, ಹೋಗಲೋ

ಸ್ಪ್ರಿಂಗ್ ಸಾಮಾನ್ಯವಾಗಿ ಶಾಕ್‌ಗಿಂತ ಹೆಚ್ಚು ಬಾಳುತ್ತದೆ. ಎರಡು ಕಾರಣಕ್ಕೆ ಮಾತ್ರ ಬದಲಿಸಿ: ತುದಿಯ ಸುರುಳಿ ಮುರಿದಿದ್ದರೆ, ಅಥವಾ ಕಾರು ಒಂದು ಕಡೆ ಕುಸಿದಿದ್ದರೆ. ತುದಿಯ ಸುರುಳಿ ಕೆಳಗಿನ ಬಟ್ಟಲಿನಲ್ಲಿ ಅಡಗಿರುವುದರಿಂದ ಮುರಿದದ್ದು ಮೇಲ್ನೋಟಕ್ಕೆ ಕಾಣುವುದಿಲ್ಲ, ಟಾರ್ಚ್ ಹಿಡಿದು ನೋಡಬೇಕು. ಕರಾವಳಿಯ ಕಾರಾದರೆ ತುಕ್ಕು ಇನ್ನೂ ಬೇಗ ಅಲ್ಲಿಂದಲೇ ಶುರು.

ಕುಸಿತ ತಿಳಿಯಲು ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನ ತನಕ ನಾಲ್ಕೂ ಕಡೆ ಅಳೆದು ಬರೆದಿಡಿ. ಸಮತಟ್ಟು ಜಾಗ, ಡಿಕ್ಕಿ ಖಾಲಿ, ಟ್ಯಾಂಕ್ ಎಷ್ಟಿದೆ ಎಂಬ ನೆನಪು. ನೆಲದಿಂದ ಅಳೆದರೆ ಟೈರಿನ ಗಾಳಿ ಸುಳ್ಳು ಹೇಳಿಸುತ್ತದೆ. ಈ ಚೀಟಿಯನ್ನು ಬಿಸಾಡಬೇಡಿ, ಕಡೆಯಲ್ಲಿ ಬೇಕು.

ಹೊಸ ಸ್ಪ್ರಿಂಗ್ ಬೇಕಾದರೆ ಹಳೆಯದರ ಮೇಲಿನ ಬಣ್ಣದ ಚುಕ್ಕೆಗಳನ್ನು ಒರೆಸಿ ನೋಡಿ, ತೂಕದ ವರ್ಗ ಹೇಳುವುದು ಅವೇ. ತೆಗೆದುಕೊಂಡರೆ ಎಡ ಬಲ ಎರಡೂ.

ಹೆಜ್ಜೆ 5: ಜೊತೆಯಲ್ಲಿ ಬದಲಾಗಬೇಕಾದ ಸಣ್ಣಪುಟ್ಟವು

ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬರುವಂತೆ, ಸ್ಟ್ರಟ್ಟಿನ ಜೊತೆ ಕೆಲವು ಬರಲೇಬೇಕು. ತಲೆಯ ಮೌಂಟ್ ಮತ್ತು ಬೇರಿಂಗ್. ಸ್ಟ್ರಟ್ ಪೂರ್ತಿ ಅದುಮಿದಾಗ ಹೊಡೆತ ತಡೆಯುವ ಮೆತ್ತೆ, ಅಂದರೆ ಒಳಗಿನ ಬಂಪ್ ಸ್ಟಾಪ್, ಅದರ ಹೊರಗೆ ಧೂಳು ತಡೆಯುವ ಮುಸುಕು, ಅಂದರೆ ಬೂಟ್. ಹಳೆ ಕಾರುಗಳಲ್ಲಿ ಬಂಪ್ ಸ್ಟಾಪ್ ಮುಟ್ಟಿದರೆ ಹಳೆ ಬೆಲ್ಲದಂತೆ ಪುಡಿಯಾಗಿರುತ್ತದೆ. ಬೂಟ್ ಹರಿದಿದ್ದರೆ ನಮ್ಮ ಧೂಳು ನೇರವಾಗಿ ರಾಡ್ ಮೇಲೆ ಕೂತು ಹೊಸ ಸೀಲನ್ನು ಉಜ್ಜುತ್ತದೆ. ಸ್ಟ್ರಟ್ಟಿಗೆ ಸಾವಿರಗಟ್ಟಲೆ ಸುರಿದು ಬೂಟಿನಲ್ಲಿ ಉಳಿಸಲು ಹೋಗುವುದು ನನಗೆ ಅರ್ಥವಾಗದ ಜಿಪುಣತನ.

ಮೌಂಟ್ ಬದಲಿಸಲು ಲಾರಾದಲ್ಲಿ ಇನ್ನೊಂದು ಕಾರಣವಿದೆ. ಅದನ್ನು ಕಾರಿನ ದೇಹಕ್ಕೆ ಬಿಗಿದಿರುವ ಮೂರು ಬೋಲ್ಟ್‌ಗಳು ಗಾಜಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯಡಿ ಇವೆ. ವೈಪರ್ ತೋಳು, ಹೊದಿಕೆ ಎಲ್ಲ ತೆಗೆದ ಮೇಲೇ ಸ್ಪ್ಯಾನರ್ ಹೋಗುವುದು. ಆರು ತಿಂಗಳ ನಂತರ ಮೌಂಟ್ ಸದ್ದುಮಾಡಿದರೆ ಅಷ್ಟೂ ಕೂಲಿಯನ್ನು ಮತ್ತೊಮ್ಮೆ ಕೊಡಬೇಕು.

ಬೋಲ್ಟ್ ನಟ್ಟುಗಳೂ ಹೊಸತಾಗಿರಲಿ. ನಕಲ್ ಬಿಗಿಯುವ ಬೋಲ್ಟ್ ಒಮ್ಮೆ ಹಿಗ್ಗಿ ಕೂರುವ ಜಾತಿಯದು, ಎರಡನೇ ಸಲಕ್ಕಲ್ಲ. ಲಿಂಕ್ ರಾಡ್ ಈ ಕಾರಿನಲ್ಲಿ ಸ್ಟ್ರಟ್ಟಿಗೇ ಜೋಡಿಸಿರುತ್ತದೆ, ಹೇಗೂ ಬಿಚ್ಚಬೇಕು. ಹಳೆಯದಾಗಿದ್ದರೆ ಅದಕ್ಕೂ ವಿದಾಯ ಹೇಳಿ.

ಹೆಜ್ಜೆ 6: ಈಗ ಬ್ರ್ಯಾಂಡ್

ಸರಿಯಾದ ನಂಬರ್ ಕೈಯಲ್ಲಿದ್ದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ಕಾರು ಹೊಸತಾಗಿದ್ದಾಗಿನ ನಡೆ ಬೇಕೆಂದರೆ ಸ್ಯಾಕ್ಸ್ ಅಥವಾ ಬಿಲ್‌ಸ್ಟೈನ್ ಬಿ4. ಸ್ಯಾಕ್ಸ್ ಜರ್ಮನಿಯ ಝೆಡ್‌ಎಫ್ ಕಂಪನಿಯದು, ಮೌಂಟಿಗೆ ಹೆಸರಾದ ಲೆಮ್‌ಫೋರ್ಡರ್ ಕೂಡ ಅದೇ ಮನೆಯದು. ಮಾನ್‌ರೋ ಮತ್ತು ಜಪಾನಿನ ಕೆವೈಬಿ ಇದೇ ವರ್ಗದಲ್ಲಿ ಬರುತ್ತವೆ. ಕೆವೈಬಿಯ ಎಕ್ಸೆಲ್‌ಜಿ ನನ್ನ ಅನುಭವದಲ್ಲಿ ಒಂದು ತೂಕ ಬಿಗಿ, ಊರೊಳಗೆ ಗೊತ್ತಾಗುತ್ತದೆ.

ಇವು ಹೆಚ್ಚಾಗಿ ಜೋಡಿ ಕೊಳವೆಯವು: ಒಳಗೊಂದು ಹೊರಗೊಂದು ಕೊಳವೆ, ನಡುವೆ ಎಣ್ಣೆ, ಮೇಲೆ ಕಡಿಮೆ ಒತ್ತಡದ ಅನಿಲ. ಸಣ್ಣ ಗುಂಡಿಗಳಿಗೆ ಮೃದು. ಬಿಲ್‌ಸ್ಟೈನ್ ಬಿ6 ಒಂಟಿ ಕೊಳವೆಯದು, ಅನಿಲದ ಒತ್ತಡ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಬಿಸಿಯಾದರೂ ಎಣ್ಣೆ ನೊರೆಯಾಗುವುದಿಲ್ಲ, ಹಾಗಾಗಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವಾಗಲೂ ಕಾರು ಹಿಡಿತದಲ್ಲಿರುತ್ತದೆ. ಅದೇ ಕಾರು ಬೆಂಗಳೂರಿನ ಒಳರಸ್ತೆಯಲ್ಲಿ ಪ್ರತಿ ಕಲ್ಲಿನ ಸುದ್ದಿಯನ್ನೂ ಸೊಂಟಕ್ಕೆ ಮುಟ್ಟಿಸುತ್ತದೆ. ಕೋನಿ ಕಂಪನಿಯ ಸ್ಪೆಷಲ್ ಆಕ್ಟಿವ್ ಎರಡರ ನಡುವೆ: ಚುರುಕಾದ ಸಣ್ಣ ಕುಲುಕಾಟಕ್ಕೆ ಇನ್ನೊಂದು ಕವಾಟ ತೆರೆದು ಮೆತ್ತಗಾಗುತ್ತದೆ, ನಿಧಾನದ ದೊಡ್ಡ ತೂಗಾಟಕ್ಕೆ ಬಿಗಿಯಾಗುತ್ತದೆ. ಬೆಲೆ ಮಾತ್ರ ಯಾವಾಗಲೂ ಬಿಗಿ.

ಬಿಲ್‌ಸ್ಟೈನ್ ಬಿ8 ಎಂಬುದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅದು ಕಾರು ತಗ್ಗಿಸುವ ಗಿಡ್ಡ ಸ್ಪ್ರಿಂಗಿಗಾಗಿ ಮಾಡಿದ ಗಿಡ್ಡ ಶಾಕ್. ನಮ್ಮ ಎತ್ತರದ ಸ್ಪ್ರಿಂಗಿಗೆ ಹಾಕಿದರೆ ಗುಂಡಿಗೆ ಚಕ್ರ ಇಳಿದಾಗಲೆಲ್ಲ ರಾಡ್ ಮೇಲಿನ ತುದಿಗೆ ಬಡಿಯುತ್ತದೆ.

ಹೆಸರಿನ ಗೊಂದಲ ಒಂದಿದೆ. ಫೆಬಿ ಬಿಲ್‌ಸ್ಟೈನ್ ಎಂಬ ನೀಲಿ ಬಣ್ಣದ ಡಬ್ಬ ನೋಡಿ ‘ಬಿಲ್‌ಸ್ಟೈನ್ ಸಿಕ್ತು’ ಎಂದು ಹಿಗ್ಗಬೇಡಿ. ಎರಡೂ ಕಂಪನಿಗಳ ಊರು ಒಂದೇ, ಜರ್ಮನಿಯ ಎನ್ನೆಪೆಟಾಲ್. ಆದರೆ ಕಂಪನಿಗಳು ಬೇರೆ. ಶಾಕ್ ಮಾಡಿ ಹೆಸರಾದದ್ದು ಟಿಸೆನ್‌ಕ್ರುಪ್ ಕೈಯಲ್ಲಿರುವ ಬಿಲ್‌ಸ್ಟೈನ್. ಫೆಬಿಯ ಲಿಂಕ್ ರಾಡ್, ಬುಷ್ ನಾನೂ ಬಳಸಿದ್ದೇನೆ, ದೂರಿಲ್ಲ.

ನನ್ನ ಸಲಹೆ ಕೇಳಿದರೆ, ದಿನದ ಓಡಾಟ ಊರೊಳಗೇ ಆಗಿದ್ದು ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರಿಗೆ ಸ್ಯಾಕ್ಸ್ ಸಾಕು. ಹದಿನೈದು ವರ್ಷದ ಕಾರಿಗೆ ಬಿ6 ಹಾಕಿಸಿದವರಲ್ಲಿ ಅರ್ಧ ಜನರಿಗೆ ನಿಜವಾಗಿ ಬೇಕಿದ್ದದ್ದು ಹೊಸ ಬುಷ್‌ಗಳು.

ಹೆಜ್ಜೆ 7: ಕೊಳ್ಳುವಾಗ

ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಹಳೆ ಸ್ಟ್ರಟ್ಟಿನ ಫೋಟೋ ಮತ್ತು ನಂಬರ್ ಹಿಡಿದು ಹೋಗಿ, ಬೆಳಗ್ಗೆ ಅಂಗಡಿಯವರಿಗೆ ಪುರುಸೊತ್ತಿರುವಾಗ. ಡಬ್ಬದ ಮೇಲಿನ ನಂಬರ್ ಮತ್ತು ಒಳಗಿನ ಶಾಕ್ ಮೈಮೇಲಿನ ನಂಬರ್ ಒಂದೇ ಇರಬೇಕು. ಒಂದು ಡಬ್ಬದಲ್ಲಿ ಒಂದೇ ಇರುತ್ತದೆ, ಎರಡನ್ನೂ ತೆರೆಸಿ ನೋಡಿ. ಡೂಪ್ಲಿಕೇಟ್ ಮಾಲಿನಲ್ಲಿ ಬೆಸುಗೆ ಒರಟು, ಅಚ್ಚು ಮಸುಕು. ಅನಿಲದ ಶಾಕ್ ಆದರೆ ಅದುಮಿದ ರಾಡ್ ತಾನಾಗಿಯೇ ನಿಧಾನ ಮೇಲೇಳಬೇಕು. ರಾಡ್ ಮೇಲೆ ಗೀರು, ತುಕ್ಕಿನ ಚುಕ್ಕೆ ಇದ್ದರೆ ವಾಪಸ್ ಕೊಡಿ. ಪಿಕ್ಯೂ35ರಲ್ಲಿ ಎಡ ಬಲಕ್ಕೆ ಒಂದೇ ಸ್ಟ್ರಟ್. ಬಿಎಂಡಬ್ಲ್ಯು ಇ46ನಂಥ ಕಾರುಗಳಲ್ಲಿ ಎರಡೂ ಬೇರೆ, ಜೊತೆ ಸರಿಯಾಗಿದೆಯೇ ನೋಡಿಕೊಳ್ಳಿ.

ಹೊರದೇಶದಿಂದ ತರಿಸುವುದಾದರೆ ಸಾಗಣೆ ಮತ್ತು ಸುಂಕ ಸೇರಿಸಿ ಲೆಕ್ಕಹಾಕಿ. ತಪ್ಪು ಮಾಲು ಬಂದರೆ ವಾಪಸ್ ಕಳಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ. ಫ್ರಾಂಕ್‌ಫರ್ಟಿನಲ್ಲಿರುವ ಭಾವನಿಗೆ ‘ಬರ್ತಾ ಸೂಟ್‌ಕೇಸಲ್ಲಿ ತಂದುಬಿಡಿ’ ಎನ್ನುವ ಮುಂಚೆ ಯೋಚಿಸಿ. ಇದು ಒತ್ತಡದ ಅನಿಲ ತುಂಬಿದ ವಸ್ತು. ವಿಮಾನ ಕಂಪನಿಯನ್ನು ಮೊದಲೇ ಕೇಳದಿದ್ದರೆ ಭಾವ ಮುನಿಸಿಕೊಳ್ಳುವ ಸಂಭವವಿದೆ.

ಹೆಜ್ಜೆ 8: ಕೂರಿಸುವ ದಿನ

ಸ್ಪ್ರಿಂಗ್ ಅದುಮುವ ಕೆಲಸವನ್ನು ಮನೆಯಂಗಳದಲ್ಲಿ ಮಾಡಬೇಡಿ. ಅಗ್ಗದ ಕಂಪ್ರೆಸರ್ ಜಾರಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಗೋಡೆಗೆ ಬಿಗಿದ ಯಂತ್ರ ಇರುವ ಗ್ಯಾರೇಜ್ ಹುಡುಕಿ, ಮತ್ತು ನಾಲ್ಕು ವಿಷಯ ನೋಡಿಕೊಳ್ಳಿ.

ಹೊಸ ಜೋಡಿ ಕೊಳವೆಯ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಅದುಮಿ ಎಳೆಯಬೇಕು. ಮಲಗಿಸಿ ಇಟ್ಟಾಗ ಒಳಗೆ ನುಸುಳಿದ ಅನಿಲ ಮೇಲೆ ಹೋಗುತ್ತದೆ. ಹೊಳೆಯುವ ರಾಡನ್ನು ಪ್ಲೈಯರ್‌ನಲ್ಲಿ ಹಿಡಿಯಕೂಡದು, ಅಲ್ಲಿ ಬಿದ್ದ ಒಂದು ಹಲ್ಲಿನ ಗುರುತು ಸೀಲನ್ನು ಕೊಯ್ಯುತ್ತದೆ. ರಾಡಿನ ತಲೆಗೆ ಅಲನ್ ಕೀ ಹಾಕಲು ಜಾಗವಿದೆ, ಅದು ಇರುವುದೇ ಹಿಡಿಯಲಿಕ್ಕೆ. ತಲೆಯ ನಟ್ಟಿಗೆ ಗಾಳಿಯ ಗನ್ ಬೇಡ, 60 ನ್ಯೂಟನ್ ಮೀಟರ್, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ. ನಕಲ್ ಬಾಯಿ ಅಗಲಿಸಲು ಉಳಿ ಹೊಡೆಯುವವರಿದ್ದಾರೆ. ಸೀಳಿನಲ್ಲಿ ಇಟ್ಟು 90 ಡಿಗ್ರಿ ತಿರುಗಿಸುವ ಸಣ್ಣ ಉಪಕರಣವೊಂದಿದೆ, ಅದು ಆ ಗ್ಯಾರೇಜಿನಲ್ಲಿ ಇದೆಯೇ ಎಂದು ಮೊದಲೇ ಕೇಳಿ. ಬಿಗಿಯುವಾಗ 70 ನ್ಯೂಟನ್ ಮೀಟರ್, ಅದರ ಮೇಲೆ ಕಾಲು ಸುತ್ತು.

ಲೋಯರ್ ಆರ್ಮ್ ಬುಷ್ ಬದಲಿಸಿದ್ದರೆ ಅದರ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿಯಬಾರದು. ಕಾರಿನ ಭಾರ ಬಿದ್ದ ಎತ್ತರಕ್ಕೆ ಆರ್ಮ್ ಎತ್ತಿ ಆಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್.

ಹಳೆ ಸ್ಟ್ರಟ್‌ಗಳನ್ನು ಗುಜರಿಗೆ ಕೊಡಲು ಅವಸರ ಬೇಡ. ಐನೂರು ಕಿಲೋಮೀಟರ್ ಓಡಿಸಿ, ಆ ಹಳೆ ಚೀಟಿ ತೆಗೆದು ನಾಲ್ಕೂ ಮೂಲೆ ಮತ್ತೆ ಅಳೆಯಿರಿ. ಎಡ ಬಲ ಸರಿಹೊಂದಿ, ಕೊಳವೆಗಳು ಒಣಗಿದ್ದರೆ ಹಳೆಯದನ್ನು ಕಳಿಸಿ. ಒಳಗೆ ಅನಿಲವಿರುತ್ತದೆ, ಕತ್ತರಿಸಬೇಡಿ, ಬೆಂಕಿಗೆ ಹಾಕಬೇಡಿ ಎಂದು ಗುಜರಿಯವರಿಗೂ ಒಂದು ಮಾತು ಹೇಳಿ ಕೊಡಿ.